ಗೇಟಿಲ್ಲದ ಗಡಿ

ಮಂಡ್ಯದ ಸೆಕೆಗೆ ಫ್ಯಾನು ಹಾಕಿದರೆ ಫ್ರಾನ್ಸು ಹಾರುತ್ತದೆ.
ಅದಕ್ಕೇ ನಕ್ಷೆಯ ಮೂಲೆಗಳಿಗೆ
ಉಪ್ಪಿನಕಾಯಿ ಭರಣಿ, ಕನ್ನಡಕದ ಡಬ್ಬಿ,
ಎರಡಚ್ಚು ಬೆಲ್ಲ.

ರೈನ್ ದಾಟಿದರೆ ದ್ರಾಕ್ಷಿಗುಡ್ಡ, ಎನ್ನುತ್ತಾಳೆ ಭಾಗೀರಥಿ
ಬೆರಳಲ್ಲೇ ಕಾರು ಓಡಿಸುತ್ತ.
ಚೆಕ್‌ಪೋಸ್ಟ್ ಎಲ್ಲಿ?
ಇಲ್ಲ.
ಗೇಟು ಎತ್ತುವವರು?
ಇಲ್ಲ ಅಂದೆನಲ್ಲ.

ಮೂವತ್ತೊಂದು ವರ್ಷ ಅಬಕಾರಿ ಖಾಕಿಯಲ್ಲಿ
ಲಾರಿಗಳ ಹೊಟ್ಟೆಗೆ ಟಾರ್ಚು ಬಿಟ್ಟವನು,
ಮಳವಳ್ಳಿಯ ಕಬ್ಬಿನ ಗದ್ದೆಗಳಲ್ಲಿ
ಬೆಲ್ಲದ ಕೊಳೆಯ ಮಡಕೆ ಒಡೆದವನು,
ಒಂದು ಗುಟುಕೂ ನಾಲಿಗೆಗೆ ತಾಗಿಸಲಿಲ್ಲ.
ವಾಸನೆ ಮಾತ್ರ ಅಂಗಿಯಲ್ಲಿ ಮನೆಗೆ ಬರುತ್ತಿತ್ತು,
ಒಗೆದವಳು ಇವಳು.

ಅಲ್ಲಿ ರುಚಿ ನೋಡಿ ಉಗಿಯುತ್ತಾರಂತೆ.
ಉಗಿಯೋದ್ಯಾಕೆ?
ಕಾರು ಓಡಿಸೋರಿಗೆ. ನೀವು ನುಂಗಿ.

ಬೆಲ್ಲದ ವಾಸನೆ ಹಿಡಿದು ಇರುವೆಯೊಂದು
ಆಗಲೇ ನದಿ ದಾಟುತ್ತಿತ್ತು.
ಕೈ ಅಡ್ಡ ಇಟ್ಟೆ, ಅಭ್ಯಾಸಬಲ.
ಆಮೇಲೆ ಎತ್ತಿದೆ.