ಅಳತೆಯ ಬಳೆ

ಇಳಿತ ಐದೂಕಾಲಿಗೆ ಅಂದರೆ
ದೊರಿಂದಾ ನಾಲ್ಕಕ್ಕೇ ಬಂದಿರುತ್ತಿದ್ದಳು.
ಸಂಘದ ಕೋಣೆಯ ಒಲೆ ಹಚ್ಚಿ,
ನಿನ್ನೆಯಿಂದ ಒದ್ದೆಯಾಗೇ ಇದ್ದ ನಮ್ಮ ಕೈಗವಸುಗಳನ್ನು
ಮೀನು ಸುಡುವ ಹಾಗೆ ತಿರುವಿ ತಿರುವಿ ಒಣಗಿಸಿ,
ಕಾಫಿಗಿಟ್ಟು,
ಯಾರ ಮಂಡಿ ಇವತ್ತು ಮಡಚುವುದಿಲ್ಲ ಎಂದು
ಮುಖ ನೋಡಿಯೇ ಹೇಳುತ್ತಿದ್ದಳು:
'ಎರ್ಮಿತಾಸ್, ನೀನು ದಡದ ಹತ್ತಿರದ ಮರಳಿಗೆ.
ಆಳಕ್ಕೆ ನಾನು ಹೋಗುತ್ತೇನೆ.'

ಗಲೀಸಿಯದ ಅಳಿವೆ, ಫೆಬ್ರವರಿಯ ಗಾಳಿ,
ಬೆನ್ನು ಬಗ್ಗಿಸಿ ಮರಳು ಕೆರೆಯುವ ತೊಂಬತ್ತೊಂದು ಹೆಂಗಸರು.
ಅವಳ ಕೊರಳ ದಾರಕ್ಕೆ ಒಂದು ಕಬ್ಬಿಣದ ಬಳೆ.
ಬಳಚು ಅದರಲ್ಲಿ ತೂರಿದರೆ ಕಡಲಿಗೆ ವಾಪಸು,
ತೂರದಿದ್ದರೆ ಬುಟ್ಟಿಗೆ.
ಅಷ್ಟೇ ಕಾನೂನು.
ಅಧ್ಯಕ್ಷೆಗೊಂದು ಕುರ್ಚಿಯೂ ಇತ್ತು;
ಅದರ ಮೇಲೆ ನಮ್ಮ ಕಾಲುಚೀಲ ಒಣಗುತ್ತಿದ್ದವು.

ಮೀನುಪೇಟೆಯ ಹೊಸ ದಲ್ಲಾಳಿ ಒಮ್ಮೆ
ಕೋಣೆ ಗುಡಿಸುತ್ತಿದ್ದವಳನ್ನೇ ಕೇಳಿದ:
'ಇಲ್ಲಿ ಆಳುವವರು ಯಾರು?'
'ಆಳು ನಾನೇ, ಹೇಳಿ' ಎಂದಳು.

ಮಳೆ ಮಿತಿಮೀರಿದ ಆ ವರ್ಷ
ಸಿಹಿನೀರು ನುಗ್ಗಿ ಬಳಚು ಬಾಯ್ದೆರೆದು ಸತ್ತವು.
ಮೂರು ತಿಂಗಳು ದಂಡೆ ಮುಚ್ಚೋಣ ಎಂದು ಎಲ್ಲರೂ ಕೈ ಎತ್ತಿದೆವು;
ಎತ್ತಿದ ಕೈಗೆ ಮನೆಯಲ್ಲಿ ರೊಟ್ಟಿಯಿರಲಿಲ್ಲ.
ರಾತ್ರಿ ಕಾವಲಿನ ಸರದಿ.
ಅವಳ ಸರದಿಯಲ್ಲೇ ಸಿಕ್ಕಿಬಿದ್ದ ಹುಡುಗ,
ಎರಡು ಗೋಣಿ, ಬಟ್ಟೆ ಮುಚ್ಚಿದ ಟಾರ್ಚು,
ನನ್ನ ಮಗ ಬ್ರಾಯಿಸ್.
ಅವಳು ನನ್ನ ಅಕ್ಕ.
ಅವನು ಹುಟ್ಟಿದಾಗ ಹೊಕ್ಕುಳಿಗೆ ದಾರ ಕಟ್ಟಿದವಳು.

ಪುಸ್ತಕದಲ್ಲಿ ಅವನ ಹೆಸರು ಬರೆದಳು, ಪೂರ್ತಿ ಹೆಸರು.
ನಾನು ಅವಳ ಹೊಸ್ತಿಲಿಗೆ ಉಗಿದೆ.
ಎರಡು ವರ್ಷ ಒಂದೇ ಮರಳಲ್ಲಿ
ಬೆನ್ನಿಗೆ ಬೆನ್ನು ಹಾಕಿ ಕೆರೆದೆವು.
ನನ್ನ ಕೈಗವಸು ಮಾತ್ರ
ಒಂದು ದಿನವೂ ಒದ್ದೆಯಿರಲಿಲ್ಲ.

ಈ ಸಲ ನನ್ನನ್ನು ಆರಿಸಿದ್ದಾರೆ.
ಹೆಸರು ಸೂಚಿಸಿದ್ದು ಅವಳೇ ಅಂತೆ.
ಬೀಗದ ಕೈ, ಬಳೆ, ಪುಸ್ತಕ,
ಪರರ ಕೂಸನ್ನು ತಾಯಿಗೆ ಒಪ್ಪಿಸುವ ಹಾಗೆ
ಎರಡೂ ಕೈಯಲ್ಲಿ ಕೊಟ್ಟು, ಮಾತಾಡದೆ ಹೋದಳು.
ರಾತ್ರಿ ಪುಟ ತಿರುವಿದೆ.
ಬ್ರಾಯಿಸ್‌ನ ಹೆಸರ ಕೆಳಗೆ
ಅದೇ ಶಾಯಿ, ಅಷ್ಟೇ ದಂಡ, ಪಾವತಿಯಾದ ಗುರುತು:
'ದೊರಿಂದಾ. ಮನೆಯ ಹುಡುಗ ಹಸಿದದ್ದು
ಕಾಣದೆ ಹೋದದ್ದಕ್ಕೆ.'

ಬೆಳಿಗ್ಗೆ ಸಾಲಿನಲ್ಲಿ ಹದಿನೇಳನೆಯವಳಾಗಿ ನಿಂತಿದ್ದಳು.
ಬುಟ್ಟಿ ಸುರಿದಳು.
ಒಂದು ಬಳಚು, ಅಂಚಿಗೆ ತಾಗಿ ನಿಂತಿತು.
ಎರಡು ಸಲ ತಿರುವಿದೆ.
ಹೇಗಾದರೂ ನಿಲ್ಲಲಿ ಎಂದು ಮೂರನೆಯ ಸಲ.
ತೂರಿತು.
'ಏನು ನೋಡುತ್ತೀ, ಎಸೆ' ಎಂದಳು ಅಕ್ಕ,
ಎರಡು ವರ್ಷಕ್ಕೆ ಮೊದಲ ಮಾತು.
ಎಸೆದೆ.
'ನಿನ್ನ ಕಾಫಿ ಬರೀ ನೀರು' ಎಂದಳು,
ಅದು ಎರಡನೆಯದು.