ಹವಳದ ಉಂಗುರ

ಮಂಡಿಪೇಟೆ ಮಲಗಿತ್ತು. ಶಟರ್ ಅರ್ಧ ಎಳೆದಿದ್ದೆ.
ತಿಪ್ಪೇಶಿ ಬಗ್ಗಿ ಒಳಬಂದ.
“ಬೆಳಗಾಗೋದ್ರೊಳಗೆ ನಲವತ್ತು ಫ್ಲೆಕ್ಸ್.
ಸಾಹುಕಾರ್ರು ಆ ಕಡೆ ಹೋದ್ರು.”
ಯಾವ ಕಡೆ ಎಂದು ನಾನು ಕೇಳಲಿಲ್ಲ;
ಬಣ್ಣ ಹೇಳು ಅಂದೆ.

ಬಕ್ಕೇಶಪ್ಪನವರದು ನನ್ನ ಕಂಪ್ಯೂಟರಿನಲ್ಲಿ ಒಂದೇ ಫೋಟೋ,
ಮೂರು ಚುನಾವಣೆಗೂ ಅದೇ ಮುಗಿದ ಕೈ, ಅದೇ ನಗು,
ನಲವತ್ತೆಂಟಕ್ಕೇ ನಿಂತ ವಯಸ್ಸು.
ಶಾಲಿನ ಬಣ್ಣ ಮಾತ್ರ ನನ್ನ ಮೌಸಿನ ತುದಿಯಲ್ಲಿ.
ಮೊದಲ ಫೈಲಿಗೆ ‘ಫೈನಲ್’ ಎಂದು ಹೆಸರಿಟ್ಟಿದ್ದೆ,
ಆಮೇಲಿನದಕ್ಕೆ ‘ಫೈನಲ್ ಎರಡು’.
ಇವತ್ತಿನದಕ್ಕೆ ಏನೆಂದು ಬರೆಯಲಿ?

ಹಿಂದೆ ನಿಂತ ದೊಡ್ಡವರನ್ನು ಅಳಿಸಬೇಕಿತ್ತು.
ಟೋಪಿ ಹೋಯಿತು, ಕನ್ನಡಕ ಹೋಯಿತು, ಎದೆ ಹೋಯಿತು,
ಆ ಜಾಗಕ್ಕೆ ಒಂದಿಷ್ಟು ಆಕಾಶ ತುಂಬಿದೆ.
ಭುಜದ ಮೇಲಿಟ್ಟ ಕೈ ಮಾತ್ರ
ಅಳಿಸಿದರೆ ಭುಜವೂ ಹರಿಯುತ್ತಿತ್ತು.
ಶಾಲು ಅಗಲ ಮಾಡಿ ಹೊದಿಸಿದೆ.
ಆದರೂ ಒಂದು ಬೆರಳು, ಹವಳದ ಉಂಗುರದ್ದು,
ಅಂಚಿನಿಂದ ಇಣುಕುತ್ತಲೇ ಇತ್ತು.
ತಿಪ್ಪೇಶಿ ಕಣ್ಣು ಕಿರಿದು ಮಾಡಿ ನೋಡಿ,
“ಬಿಡು, ದೂರದಿಂದ ಬ್ಯಾಡ್ಜ್ ಅನ್ಸುತ್ತೆ” ಅಂದ.

ಕೆಳಗಿನ ಸಾಲಿನಲ್ಲಿ ಅಂಚೆಚೀಟಿಯಷ್ಟು ಅಭಿಮಾನಿಗಳು, ಇಪ್ಪತ್ತೆರಡು.
ಹನ್ನೆರಡಕ್ಕೆ ಫೋನು ಶುರು.
ನಂದು ತೆಗಿ ಅಂತ ಒಬ್ಬ, ನಂದು ಸೇರಿಸು ಅಂತ ಇನ್ನೊಬ್ಬ.
ನಿಟುವಳ್ಳಿಯ ರೇವಣಸಿದ್ದ ಪಿಸುದನಿಯಲ್ಲಿ:
“ತೆಗೀಬ್ಯಾಡಣ್ಣ. ಆದ್ರೆ ನಮ್ ಮಾವಗೆ ಗುರುತು ಸಿಗದಂಗೆ
ಚೂರು ಸಣ್ಣದು ಮಾಡು.”

ಹೋದ ಸಲದ ಬಾಕಿ ಕೇಳಿದೆ. ಹನ್ನೊಂದು ಸಾವಿರ.
ತಿಪ್ಪೇಶಿಗೆ ನಿಜಕ್ಕೂ ಆಶ್ಚರ್ಯ.
“ಅದು ಹಳೇ ಪಕ್ಷದ್ದಲ್ವಾ?”

ನಗು ಬಂತು. ನನ್ನದೇನು ದೊಡ್ಡ ನಿಷ್ಠೆ?
ಯಂತ್ರಕ್ಕೆ ಇರೋದು ನಾಲ್ಕೇ ಡಬ್ಬಿ ಬಣ್ಣ,
ದಾವಣಗೆರೆಯ ಎಲ್ಲ ಪಕ್ಷಗಳೂ ಅದರಿಂದಲೇ ಹುಟ್ಟಿದ್ದು.
ಸುರಿದವನು ನಾನೇ.

ಐದಕ್ಕೆ ಭಟ್ಟಿ ಮೆಹಬೂಬಿ ಬಂದಳು,
ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು.
“ವೇಸ್ಟ್ ಇದ್ರೆ ಕೊಡಣ್ಣ, ಮಂಡಕ್ಕಿ ಹರವಕ್ಕೆ.”
ಮೂಲೆಯಲ್ಲಿದ್ದ ಹಳೆಯದರ ಸುರುಳಿ ಬಿಚ್ಚಿದೆ.
ಯಾರದೆಂದು ಅವಳು ನೋಡಲಿಲ್ಲ,
ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದಳು.

ಮನೆಗೆ ಆಜಾದ್ ನಗರದ ಮೇಲೆ ಹಾದು ಹೋದೆ.
ಹೊಗೆಯ ನಡುವೆ ಜರಡಿಯಿಂದ ಮಂಡಕ್ಕಿ ಬೀಳುತ್ತಿತ್ತು
ಬಕ್ಕೇಶಪ್ಪನವರ ನಗುವಿನ ಮೇಲೆ,
ದೊಡ್ಡವರ ಕನ್ನಡಕದ ಮೇಲೆ.
ಕೂಸು ಒಂದು ಕಡೆ ಮಂಡಕ್ಕಿ ಸರಿಸಿ
ಆ ಕೆಂಪು ಹರಳನ್ನು ಉಗುರಿನಿಂದ ಕೀಳುತ್ತಿತ್ತು,
ಬರಲೊಲ್ಲದೆಂದು ಅಳುತ್ತ.