ಮಣಕಾಲಮಟ ಗ್ವಾಡಿ

ನೀಲಾಂಬಿಕಾ ಅಂತ, ಆರ್ಕಿಟೆಕ್ಟ್ ಅಂದ್ರು, ಚಿತ್ರಾನೂ ಬರೀತಾಳಂತ.
ಬಂದಾಕಿ ಟೇಪು ಬಿಚ್ಚಲಿಲ್ಲ.
ಒಂದು ಡಬ್ಬಿ ಸುಣ್ಣ, ಒಂದು ಮೋಟು ಕುಂಚ.
ಮುದಗಲ್ಲಿನ ಏಪ್ರಿಲ್ ಬಿಸಿಲಾಗ
ಹುಣಸಿಗಿಡದ ನೆರಳು ಸರಿದಂಗೆಲ್ಲ
ಅದರ ಅಂಚಿಗುಂಟ ಗೆರಿ ಎಳಕೋತ ಹೊಂಟ್ಳು.
ಹತ್ತಕ್ಕೊಂದು, ಹನ್ನೆರಡಕ್ಕೊಂದು, ಮೂರಕ್ಕ ಮತ್ತೊಂದು.
"ಖಾಜಾಸಾಬ್, ಇದ ನೋಡ್ರಿ ಪಾಯಾ."

ನಕ್ಕೆ. ನಲವತ್ತು ವರ್ಷದ ಗೌಂಡಿ ನಾನು,
ನೆರಳಿನ ಮ್ಯಾಲ ಗ್ವಾಡಿ ಕಟ್ಟಿದವನಲ್ಲ.

ಓಣಿ ಪಂಚರು ಕೇಳಿದ್ದು ಇಷ್ಟ:
ಎಂಟು ಫೂಟು ಕಂಪೌಂಡು, ಗೇಟು, ಕೀಲಿ,
ಒಳಗ ತಗಡಿನ ಭವನ,
ಹೊರಗ ಹೆಸರು ಕೊರಸಾಕ ಒಂದು ಕಲ್ಲು.

ಆಕಿ ಕೇಳಿದ್ದು ಬ್ಯಾರೆ:
ಜೋಳ ಹಸನು ಮಾಡೋರು ಎಲ್ಲಿ ಕುಂದರ್ತಾರ?
ಕೂಸಿಗೆ ಮಲಿ ಕೊಡೋರು?
ನಳದಾಗ ಕೊಡ ತುಂಬಿ ಚೆಲ್ಲಿದ ನೀರು
ಯಾ ಕಡೆ ಹರೀತೈತಿ?
ಅವರನ್ನೆಲ್ಲ ಬರದ್ಳು, ಕಟ್ಟಡ ಬರೀಲಿಲ್ಲ.
ಚಿತ್ರದಾಗ ನಮ್ಮ ಮನಿಯಾಕಿನೂ ಇದ್ಳು, ಬೆನ್ನು ತಿರುವಿ.
ಬೆನ್ನಿಲೇ ಗುರ್ತು ಹತ್ತಿದ್ಳು.

ಪಾಲಿಶ್ ಫ್ಯಾಕ್ಟರಿಯವರು ಹಳ್ಳಕ್ಕ ಚೆಲ್ಲಿದ ಗ್ರಾನೈಟ್ ಚೂರು,
ಬಿದ್ದ ವಾಡೇದ ಜಂತಿ,
ಮಾಳಿಗಿಗೆ ಹಾಳಮಣ್ಣು.
ರೊಕ್ಕ ಕೊಟ್ಟಿದ್ದು ಸುಣ್ಣ, ಬೆಲ್ಲಕ್ಕಷ್ಟ.
ಮಣ್ಣು ತುಳಿಯೋದು ನಮ್ಮಪ್ಪನ ಕಸುಬು.
ಸಿಮೆಂಟ್ ಹಿಡಿದ ಕೈ ಅದನ್ನ ಮರತಿತ್ತು,
ಕಾಲು ಮರತಿರಲಿಲ್ಲ.

ಗ್ವಾಡಿ ಎದ್ದಿತು. ಒಂದು ವರಸಿ, ಎರಡು ವರಸಿ.
ಮೂರನೇದ್ದು ಮುಗಿಯೂದ್ರಾಗ ಕೈ ಎತ್ತಿದ್ಳು. "ಸಾಕು."
"ಸಾಕಂದ್ರ? ಮಣಕಾಲಿಗೆ ಬಂದೈತಿ. ದನ ಹಾಯ್ತಾವು."
"ಹಾಯಲಿ."
"ಮಂದಿ ಬರ್ತಾರ."
"ಅದಕ್ಕ."

ಏರಸೋದು ಗೊತ್ತಿತ್ತು ನನಗ.
ನಿಲ್ಲಸೋದು ಯಾರೂ ಕಲಿಸಿರಲಿಲ್ಲ.

ಪಂಚರು ಸಿಟ್ಟಾಗಿ ಅರ್ಧ ಬಿಲ್ಲು ಹಿಡದ್ರು.
ಹೆಸರಿನ ಕಲ್ಲು ಖಾಲಿ ಬಿದ್ದಿತ್ತು,
ನಳದ ಬುಡಕ ಹಾಸಿದ್ವಿ. ಈಗ ಅದರ ಮ್ಯಾಲ
ಎಲ್ಲಾರ ಅರಿವಿನೂ ಒಗೀತಾರ.
ಆ ನೀರು ಹೋಗಿ ನಾಕು ಬಾಳಿಗಿಡ, ಒಂದು ಕರಿಬೇವು.

ಎಂಟು ದಿನ ಯಾರೂ ಕುಂದರಲಿಲ್ಲ.
ಸುತ್ತ ನಿಂತು ನೋಡಿ ಹೋದ್ರು,
ಅದು ಯಾರದೋ ಅನ್ನೋರಂಗ.

ಒಂಬತ್ತನೇ ದಿನ ಓಳಂಬದ ದಾರ ಸುತ್ತಕೋತ,
ಮಣಕಾಲು ನೋವು, ಸುಮ್ನ ಕುಂತೆ.
ಕಲ್ಲು ತಣ್ಣಗಿತ್ತು.
ಬಾಜೂಕ ಬಂದು ಹೂಗಾರ ಮುದುಕಿ ಬುಟ್ಟಿ ಇಳಿಸಿದ್ಳು.
ಆಮ್ಯಾಲ ಆಟೋ ಹೊಡಿಯೋ ಹುಡುಗ. ಆಮ್ಯಾಲ
ನಮ್ಮ ಮನಿಯಾಕಿ, ಮರದಾಗ ಜೋಳ ಹಿಡಕೊಂಡು,
ಚಿತ್ರದಾಗ ಇದ್ದಲ್ಲೇ, ಬೆನ್ನು ತಿರುವಿ.

ಸುಣ್ಣದ ಗೆರಿ ಒಂದೂ ಉಳದಿಲ್ಲ.
ಮೂರು ಹೊಡೀತು. ಯಾರೂ ಹೇಳಲಿಲ್ಲ,
ಎಲ್ಲಾರೂ ಒಂದೀಟು
ಮೂಡಣಕ್ಕ ಸರದ್ವಿ.